ಫೌಂಡೇಶನ್

ನಮ್ಮ ಕೌಲ್ ಬಜಾರಿನಲ್ಲಿ ಅದಕ್ಕೆ ಫೌಂಡೇಶನ್ ಅಂತಲೇ ಹೆಸರು.
ಅಂಗೈಯಗಲದ ಕಪ್ಪು ರಬ್ಬರು, ಎರಡೂ ಮೈಗೆ ತಗಡು,
ಆಚೆಗೊಂದು ಈಚೆಗೊಂದು ಬೋಲ್ಟು.
ಎಂಜಿನ್ನಿಗೆ ಎರಡು, ಗೇರ್‌ಬಾಕ್ಸಿಗೆ ಎರಡು.
ಗಾಡಿಯ ಸಿಟ್ಟೆಲ್ಲ ಕೂತಿರುವುದು
ಇಷ್ಟರ ಮೇಲೆ.

ಸಿರುಗುಪ್ಪದ ರೈಸ್ ಮಿಲ್ಲಿನ ದರೂರು ಪಂಪಾಪತಿ
ಲಾರಿಯ ಮೇಲೆ ತಂದಿಳಿಸಿದ:
ಎರಡೇ ಸೀಟಿನ ಎಂ.ಜಿ., ನನಗಿಂತ ಹದಿನಾರು ವರ್ಷ ಹಿರಿದು,
ಒಂದು ಕಾಲಕ್ಕೆ ಹಸಿರಂತೆ.
"ಕ್ಲಚ್ ಬಿಟ್ರೆ ಮೈಮ್ಯಾಲೆ ದೇವ್ರು ಬಂದಂಗ ಕುಣಿತೈತಿ,
ಮೂರನೇ ಗೇರು ತಾನೇ ಹೊರಗ ಬರ್ತೈತಿ" ಅಂದ.

ಮೊದಲಾಗಿದ್ದರೆ ಉಸ್ತಾದ್ ಹುಸೇನ್‌ಪೀರಾ
ಬಾನೆಟ್ಟನ್ನೂ ಎತ್ತುತ್ತಿರಲಿಲ್ಲ.
ಗೇರಿನ ಗುಂಡಿನ ಮೇಲೆ ಅಂಗೈ ಇಟ್ಟು,
ನಾಡಿ ಹಿಡಿದ ಹಕೀಮನ ಹಾಗೆ ಕಣ್ಣು ಮುಚ್ಚಿ,
"ಎಡಗಡೆ ಮುಂದಿಂದು ಹೋಗೈತಿ. ಹಿಂದಿನವು ಎರಡೂ ಎಣ್ಣಿ ಕುಡದಾವ."
ಬಿಚ್ಚಿದರೆ ಅಷ್ಟೇ ಇರುತ್ತಿತ್ತು.
ಸಂಡೂರಿನ ಅದಿರು ಲಾರಿಗಳು ಹಗಲುರಾತ್ರಿ ಹರಿದ ಆ ವರ್ಷಗಳಲ್ಲಿ
ಎಷ್ಟು ಎಂಜಿನ್ನುಗಳ ನಡುಕ
ಆ ಒಂದು ಅಂಗೈಯೊಳಗೆ ಹಾದುಹೋಯಿತೋ.

ಈ ಸಲವೂ ಇಟ್ಟರು. ಬಹಳ ಹೊತ್ತು ಇಟ್ಟರು.
ತೆಗೆದು ಜೀನ್ಸ್ ಚಿಂದಿಯಲ್ಲಿ ಒರೆಸಿಕೊಂಡರು,
ಕೈಗೆ ಕೊಳೆಯೇನೂ ಆಗಿರಲಿಲ್ಲ.
"ಗಾದೀ, ನೀನೇ ನೋಡು."

ಹೋದ ರಂಜಾನಿನಿಂದ ಹೀಗೆ, ಬಲಗೈ.
ಚಹಾದ ಹುಡುಗ ಅವರಿಗೆ ಅರ್ಧ ಗ್ಲಾಸೇ ತುಂಬುತ್ತಾನೆ,
ಹೇಳಿದವರಿಲ್ಲ, ಕೇಳಿದವರಿಲ್ಲ.

ಅಡಿಗೆ ಸರಿದೆ. ನೆಲ ರೊಟ್ಟಿ ಹಂಚಿನಂತೆ ಕಾದಿತ್ತು.
ಸಂಪಿನ ಕೆಳಗೆ ಬೇವಿನ ಹಲಗೆ, ಹಲಗೆಯ ಕೆಳಗೆ ಜ್ಯಾಕು.
ಒಂದಿಂಚು ಎತ್ತಬೇಕು,
ಒಂದೂವರೆಗೆ ಹೋದರೆ ಫ್ಯಾನು ರೇಡಿಯೇಟರನ್ನು ಕಚ್ಚುತ್ತದೆ.
ಗೇರ್‌ಬಾಕ್ಸಿನ ಅಡ್ಡಪಟ್ಟಿಯ ಬೋಲ್ಟುಗಳಲ್ಲಿ ಮೂರು ಮಾತು ಕೇಳಿದವು.
ನಾಲ್ಕನೆಯದಕ್ಕೆ ಡೀಸೆಲ್ ಕುಡಿಸಿ, ಬಯ್ದು,
ರಾತ್ರಿಯಿಡೀ ನೆನೆಯಲು ಬಿಟ್ಟು ಮನೆಗೆ ಹೋದೆ.

ಎಡಗಡೆಯದು ಕೈಗೆ ಬಂದದ್ದೇ ಎರಡು ತುಂಡಾಗಿ:
ರಬ್ಬರು ಬೇರೆ, ತಗಡು ಬೇರೆ.
ಎಷ್ಟು ವರ್ಷದಿಂದ ಬರೀ ಭಾರಕ್ಕೆ
ಒಂದರ ಮೇಲೊಂದು ಕೂತಿದ್ದವೋ.

ಹೊಸದು ಹಡಗಿನಲ್ಲಿ ಬರಲು ಮೂರು ತಿಂಗಳು.
ಪಂಪಾಪತಿಗೆ ಅಷ್ಟು ತಾಳ್ಮೆಯಿಲ್ಲ.
ಅವನ ಮಿಲ್ಲಿನ ರೋಲರುಗಳಿಗೆ ರಬ್ಬರು ಬೇಯಿಸಿ ಹಚ್ಚುವ ಎರ್ರಿಸ್ವಾಮಿ
ಹಳೆಯದರ ಅಳತೆ ತೆಗೆದು ನಾಲ್ಕು ಎರಕ ಹೊಯ್ದು ಕಳಿಸಿದ.
ನೋಡಲು ಚಂದ, ಹೊಳೆಯುತ್ತಿದ್ದವು.
ಉಸ್ತಾದ್ ಒಂದನ್ನು ಎಡಗೈಯಲ್ಲಿ ಎತ್ತಿ
ದವಡೆಗೆ ಕೊಟ್ಟು ಕಚ್ಚಿದರು.
ಪಂಪಾಪತಿಯ ಡ್ರೈವರ್ ನಕ್ಕ.
"ಗಟ್ಟಿ ಆತು. ಭತ್ತ ಸುಲಿಯಾಕ ಇದು ಸರಿ.
ಗಟ್ಟಿ ಇದ್ರ ನಡುಕ ಕುಡಿಯಂಗಿಲ್ಲಲೇ, ದಾಟಿಸ್ತೈತಿ."
ವಾಪಸ್ ಹೋಯಿತು. ಎರ್ರಿಸ್ವಾಮಿ ಫೋನಿನಲ್ಲಿ ಕೂಗಾಡಿದ.
ಎರಡನೇ ಸಲ ಬಂದದ್ದನ್ನೂ ಕಚ್ಚಿದರು,
ಕೋಟೆ ಗುಡ್ಡದ ಕಡೆ ನೋಡುತ್ತ ಅಗಿಯುವವರ ಹಾಗೆ ಕೊಂಚ ಹೊತ್ತು.
"ಹೂಂ."

ನಾಲ್ಕೂ ಕೂರಿಸಿ ಪಾನಾ ಹಾಕಿದೆ.
"ಬಿಗಿ ಮಾಡಬ್ಯಾಡ! ಮೊದಲು ಕೂಡ್ಲಿ.
ಶುರು ಮಾಡು, ಒಂದು ಗಳಿಗಿ ಗೊಣಗಲಿ,
ತನ್ನ ಜಾಗ ತಾನು ನೋಡಿಕೊಳ್ಲಿ.
ಆಮೇಲೆ ಬಿಗಿ."
ಇಪ್ಪತ್ತು ವರ್ಷದಿಂದ ಕೇಳಿದ ಮಾತು.
ಇಪ್ಪತ್ತು ವರ್ಷದಿಂದಲೂ ಮರೆತೇ ಪಾನಾ ಹಾಕುತ್ತೇನೆ.

ಸಂಜೆ, ಎಂಜಿನ್ ಮೆತ್ತಗೆ ತಿರುಗುತ್ತಿರುವಾಗ
ಉಸ್ತಾದ್ ಬಾಗಿಲು ತೆಗೆದು ಒಳಗೆ ಕೂತರು, ಮೊಣಕಾಲು ಎದೆಗೆ ತಾಗುವಂತೆ.
ಗೇರಿನ ಗುಂಡಿನ ಮೇಲೆ ಅಂಗೈ.
ಗುಂಡು ನಿಂತಿತ್ತು.
ಕೈ ನಿಂತಿರಲಿಲ್ಲ.

ನಾನು ಟೂಲ್ ಬಾಕ್ಸಿನಲ್ಲಿ ಏನನ್ನೋ ಹುಡುಕತೊಡಗಿದೆ.

"ಇದು ನಂದು, ಗಾದೀ" ಅಂದರು. "ಗಾಡೀದಲ್ಲ.
ಬಂದ್ ಮಾಡು. ಬಿಲ್ ಬರಿ."

ಬರೆದೆ: ರಬ್ಬರು ನಾಲ್ಕು. ಬೋಲ್ಟು ಒಂದು. ಡೀಸೆಲ್. ಕೂಲಿ.
"ಹಲ್ಲಿಂದು ಎಷ್ಟು ಹಾಕ್ಲಿ, ಉಸ್ತಾದ್?"