ಮಿಸ್ಡ್ ಕಾಲ್ ಬಂದ ಮೇಲೆ

ಏಳೂವರೆಗೆ ಒಂದು ಮಿಸ್ಡ್ ಕಾಲ್.
ಎತ್ತುವಂತಿಲ್ಲ. ಅವಳು ವಾರ್ಡಿನಲ್ಲಿರುತ್ತಾಳೆ,
ಅದರ ಅರ್ಥ ಇಷ್ಟೇ:
ಮೇಣದ ಬತ್ತಿ ಹಚ್ಚಿ, ಮಕ್ಕಳನ್ನು ಕೂರಿಸಿ, ಶುರುಮಾಡಿ.

ಹೋದ ಆಗಸ್ಟಿನವರೆಗೆ ಜಪಸರ ಅವಳ ಕೆಲಸ.
ನಾನು ಹಿಂದೆ, ಬಾಗಿಲ ಹತ್ತಿರ,
ಒಂದು ಮೊಣಕಾಲು ನೆಲಕ್ಕೆ, ಒಂದು ಅಂಗಳದ ಬೀಡಿಯ ಕಡೆಗೆ.
'ಆಮೆನ್' ಅನ್ನುವುದಷ್ಟೇ ನನ್ನ ಪಾಲು.
ಈಗ ಅವಳಿಗೆ ಜಿಲ್ಲಾಸ್ಪತ್ರೆಯಲ್ಲಿ ರಾತ್ರಿ ಪಾಳಿ;
ಗೋಡೆಯ ಮೇಲಿನ ತಾಯಿಗೆ ನಾನೇ ಗತಿ.

ಬೈತಖೋಲದಲ್ಲಿ ಬಲೆ ಹೊಲಿಯುವವನು ನಾನು.
ಮುನ್ನೂರು ಕಣ್ಣಿನ ಅಗಲದಲ್ಲಿ
ಕತ್ತಲೆಯಲ್ಲೂ ಒಂದು ಗಂಟು ತಪ್ಪಲಿಕ್ಕಿಲ್ಲ.
ಆದರೆ ಈ ಹತ್ತು ಮಣಿ
ಬೆರಳಿಗೆ ಬಂದೊಡನೆ ಹನ್ನೊಂದಾಗುತ್ತವೆ, ಎಂಟಾಗುತ್ತವೆ,
ನಡುವೆ ಎಲ್ಲೋ ನೈಲಾನ್ ದಾರದ ದರ ಬಂದು ಕೂರುತ್ತದೆ.
"ಪಪ್ಪಾ, ಒಂಬತ್ತೇ ಆಯ್ತು"
ಅನ್ನುತ್ತಾಳೆ ಜಸಿಂತ, ಕಣ್ಣು ತೆರೆಯದೆ.
ಎರಡನೆಯ ತರಗತಿ. ಲೆಕ್ಕದಲ್ಲಿ ತಾಯಿಯ ಮಗಳು.

ಹೆಂಡತಿಯ ತಾಯಿ ಪಿಯೆದಾದ್ ಮಾಯ್‌ಗೆ ಕಿವಿ ಮಂದ.
ನಾವು ಮೂರನೆಯ ರಹಸ್ಯದಲ್ಲಿರುವಾಗ
ಅವಳು ಆಗಲೇ ಮುಂದೆ ಹೋಗಿ
ತೀರಿಹೋದವರನ್ನು ಒಬ್ಬೊಬ್ಬರಾಗಿ ಎಬ್ಬಿಸಿ
ಚಾಪೆಯ ಮೇಲೆ ಕೂರಿಸಿಕೊಂಡಿರುತ್ತಾಳೆ:
ಕಾಯ್ತಾನ್, ಇನಾಸ್,
ಹುಟ್ಟಿದ ದಿನವೇ ಹೋದ, ಹೆಸರಿಡದ ಒಂದು.
ಜಾಗ ಸಾಲದೆ ನಾನು ಸ್ವಲ್ಪ ಸರಿದು ಕೂರುತ್ತೇನೆ.

ಕೊನೆಗೆ ಬೇಡಿಕೆಗಳು.
ಮಕ್ಕಳೂ ಬಾಯಿಬಿಟ್ಟು ಬೇಡಲಿ, ತಿದ್ದಬೇಡಿ
ಎಂದಿದ್ದರು ಪಾದ್ರಿಯವರು, ವಾಡೆಯ ಸಭೆಯಲ್ಲಿ.
ತಿದ್ದುವುದಿಲ್ಲ.
ಕುಂಟುವ ಕಂದು ನಾಯಿಗಾಗಿ.
ಪಕ್ಕದ ಮನೆಯ ಶಾಹಿನಾಳ ಅಲುಗಾಡುವ ಹಲ್ಲಿಗಾಗಿ.
ಅಮ್ಮನಿಗೆ ಬೈಯುವ ದೊಡ್ಡ ಡಾಕ್ಟರಿಗಾಗಿ;
ಒಳ್ಳೆಯದಾಗಲಿ ಎಂದೋ, ಗಂಟಲು ಕಟ್ಟಲಿ ಎಂದೋ
ಜಸಿಂತ ಬಿಡಿಸಿ ಹೇಳುವುದಿಲ್ಲ.
ನಾಲ್ಕು ವರ್ಷದ ಆಗ್ನೇಲನದು ದಿನವೂ ಒಂದೇ: "ಬಂಗುಡೆಗಾಗಿ."
ಸಿಗಲಿ ಎಂದೋ, ಬದುಕಿಕೊಳ್ಳಲಿ ಎಂದೋ?
ಕೇಳಲಾರೆ. ನನ್ನ ಅನ್ನ ಆ ಎರಡರ ನಡುವೆ ಇದೆ.

ಮೊನ್ನೆ ಸೋಮವಾರ, ಸಂತೋಷದ ಐದನೆಯ ರಹಸ್ಯ:
ಕಳೆದುಹೋದ ಹುಡುಗ ಯೇಸು ದೇವಾಲಯದಲ್ಲಿ ಸಿಕ್ಕಿದ್ದು.
"ಮೂರು ದಿನ ಹುಡುಕಿದ್ದು ಸಂತೋಷ ಹೇಗೆ ಪಪ್ಪಾ?"
ಅಷ್ಟರಲ್ಲಿ ಕರೆಂಟೂ ಹೋಯಿತು.

ನನಗೆ ಗೊತ್ತಿತ್ತು.
ಹೋದ ವರ್ಷ ಭಾನುವಾರದ ಸಂತೆಯಲ್ಲಿ
ಆಗ್ನೇಲ್ ನನ್ನ ಕೈ ತಪ್ಪಿದ ಹದಿನೇಳು ನಿಮಿಷ.
ಒಣಮೆಣಸಿನ ರಾಶಿ, ಬಳೆ, ಪ್ಲಾಸ್ಟಿಕ್ ಕೊಡ,
ಯಾರದೋ ಕಾಲು, ಯಾರದೋ ಮಕ್ಕಳು.
ಬಾಯಿಗೆ ಒಂದು ಪ್ರಾರ್ಥನೆಯೂ ಪೂರ್ತಿ ಬರಲಿಲ್ಲ.
'ನಮಾನ್ ಮೊರಿಯೆ' ಎಂದು ಅಲ್ಲೇ ಕಡಿದು
ಮತ್ತೆ 'ನಮಾನ್ ಮೊರಿಯೆ',
ಹದಿನೇಳು ನಿಮಿಷ ಬರೀ ಎರಡು ಶಬ್ದ.
ಸಿಕ್ಕಿದ, ಬೆಲ್ಲದ ಅಂಗಡಿಯ ಚೀಲದ ಮೇಲೆ,
ಗಲ್ಲದ ತನಕ ಅಂಟು.
ಮೊದಲು ಹೊಡೆದೆ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತೆ,
ಅಂಗಡಿಯವ ನೀರು ಕೊಟ್ಟ.

ಇದೇನನ್ನೂ ಹೇಳಲಿಲ್ಲ.
"ದೊಡ್ಡವಳಾದ ಮೇಲೆ ತಿಳಿಯುತ್ತದೆ" ಎಂದೆ,
ಹೇಡಿಗಳ ಉತ್ತರ.
ಕತ್ತಲೆಯಲ್ಲಿ ಆಗ್ನೇಲ್ ಕೇಳಿದ:
"ಆ ಹುಡುಗನಿಗೂ ಬೆಲ್ಲ ಕೊಟ್ಟಿದ್ದರಾ?"

ಮಣಿ ಎಲ್ಲಿತ್ತೋ ಅಲ್ಲೇ ಬಿಟ್ಟು ಎದ್ದೆ.
ಡಬ್ಬಿ ತಡಕುವಾಗ ಹಿಂದೆ ಪಿಯೆದಾದ್ ಮಾಯ್ ಒಬ್ಬಳೇ
'ಆಮ್ಚೆ ಖಾತಿರ್ ವಿನತಿ ಕರ್' ಅನ್ನುತ್ತಿದ್ದಳು,
ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗಿ.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಳು, ಮೈತುಂಬ ಫಿನಾಯಿಲ್ ವಾಸನೆ.
"ಮುಗಿಸಿದಿರಾ?"
"ನಾಲ್ಕು ಆಯ್ತು. ಐದನೆಯದು ಅರ್ಧ."
"ಉಳಿದರ್ಧ ನನ್ನದಾಯಿತು, ಕೋಡಿಬಾಗ ಬರುವುದರೊಳಗೆ"
ಎಂದು ಚಪ್ಪಲಿ ಬಿಟ್ಟು,
ಮಲಗಿದ್ದ ಮಗನ ಮೇಲೆ ಬಗ್ಗಿ, ಮೂಸಿ,
ನನ್ನ ಕಡೆ ತಿರುಗಿದಳು:
"ರಾತ್ರಿ ಇವನಿಗೆ ಬೆಲ್ಲ ಕೊಟ್ಟಿದ್ದು ಯಾರು?"