ಹದಿನೇಳನೆಯ ಹೇಳಿಕೆ

ಇಪ್ಪತ್ತೈದು ಹೇಳಿಕೆ, ಎದುರಿಗೆ ಐದೈದು ಖಾಲಿ ವೃತ್ತ.
ಒಂದೆಂದರೆ ಸುತರಾಂ ಒಪ್ಪೆ, ಐದೆಂದರೆ ಪೂರಾ ಒಪ್ಪಿದೆ.
ಕಾನ್ಸೆಪ್ಸಿಯಾನ್, ಚಿಲಿ. ವಿಶ್ವವಿದ್ಯಾಲಯದ ಎರಡನೆಯ ಮಹಡಿ.
ಆಗಸ್ಟಿನ ಚಳಿ, ಒದ್ದೆ ಉಣ್ಣೆಯ ವಾಸನೆ,
ಹೀಟರಿನ ಸೀಮೆಎಣ್ಣೆಯ ವಾಸನೆ.
ನಲವತ್ತೊಂದು ಜನ. ನಾನು, ಎಲಿಯಾನಾ ರಿಫೋ,
ಮಹಾಪ್ರಬಂಧಕ್ಕೆ ಅಂಕಿ ಬೇಕಾದವಳು,
ಗಡಿಯಾರ ನೋಡಿ ‘ಶುರುಮಾಡಿ’ ಅಂದೆ.

ನಾನು ಅಳೆಯುವ ಗುಣದ ಹೆಸರು
ಲೋಹದವರಿಂದ ಕಡ ತಂದದ್ದು:
ಬಗ್ಗಿಸಿ ಬಿಟ್ಟ ಸಲಾಕೆ ಮತ್ತೆ ನೆಟ್ಟಗಾಗುವುದು.
ಸಲಾಕೆಗೆ ನೆನಪಿಲ್ಲ, ಅದಕ್ಕೇ ಆದೀತು
ಎಂದು ಗೈಡಿಗೆ ಹೇಳಿದ್ದೆ.
‘ಕವಿತೆ ಬೇಡ, ಕೋಷ್ಟಕ ತಾ’ ಅಂದರು.

ಬಾಲ್ತಸಾರ್ ಸಾನುಯೆಸಾ ಎರಡೇ ನಿಮಿಷಕ್ಕೆ ಮುಗಿಸಿದ.
ಮೇಲಿಂದ ಕೆಳಗೆ ಐದು, ಐದು, ಐದು,
ಗೋಡೆಗೆ ಸುಣ್ಣ ಬಳಿದ ಹಾಗೆ.
‘ಸಣ್ಣ ಸೋಲಿಗೂ ಕುಸಿಯುತ್ತೇನೆ’: ಐದು.
‘ಯಾವ ಸೋಲಿಗೂ ಜಗ್ಗುವುದಿಲ್ಲ’: ಐದು.
ಸುಳ್ಳು ಹಿಡಿಯಲೆಂದೇ ಇಟ್ಟ ಬೋನು ಅದು.
ಎರಡೂ ನಿಜವಾದವನು ಬಂದು ಬಿದ್ದರೆ
ಏನು ಮಾಡಬೇಕೆಂದು ಕೈಪಿಡಿಯಲ್ಲಿಲ್ಲ.

ನಯರೆತ್ ಕತ್ರಿಲೆಯೋ ಒಂಬತ್ತರಲ್ಲೇ ನಿಂತಿದ್ದಳು.
‘ಬಿದ್ದರೂ ನಾನೇ ಎದ್ದು ನಿಲ್ಲಬಲ್ಲೆ.’
ಕೈ ಎತ್ತಿ ಕೇಳಿದಳು:
‘ಏಳುವಾಗ ಯಾರೋ ರಟ್ಟೆ ಹಿಡಿದಿದ್ದರೆ, ಅದು ಎಷ್ಟು?’
ವಿವರಣೆ ಕೊಡಬಾರದು, ನಿಯಮ.
‘ನಿಮಗೆ ತೋಚಿದ್ದು’ ಅಂದೆ.

ಹೆಚ್ಚಿನವರು ಹದಿನೇಳಕ್ಕೆ ಬಂದಿದ್ದರು.
ಮೊದಲು ಕಿಟಕಿಯ ಗಾಜು ಹಲ್ಲು ಕಡಿಯಿತು.
ಆಮೇಲೆ ದೀಪ.
ತಂತಿಗೆ ಜೋತ ಕೊಳವೆ ದೀಪ
ಕುಡುಕನ ಮಾತಿನ ಹಾಗೆ ಎತ್ತೆತ್ತಲೋ ತೂಗಿತು.
ಯಾರೂ ಏಳಲಿಲ್ಲ.
ಮುಖಗಳೆಲ್ಲ ದೀಪದ ಕಡೆ, ಪೆನ್ನುಗಳು ಗಾಳಿಯಲ್ಲಿ.
ನಾನು ಮೇಜನ್ನು ಹಿಡಿದಿದ್ದೆನೋ,
ಮೇಜು ನನ್ನನ್ನೋ.

‘ಐದು ಎರಡು’, ಹಿಂದಿನ ಸಾಲಿನ ಯೆರ್ಕೋ.
‘ಹೋಗೋ. ಮೊಣಕಾಲಿಗೆ ಬಂತು ನನಗೆ. ಐದು ನಾಲ್ಕು.’
‘ಸಮುದ್ರದ ಕಡೆಯದು, ನಿಧಾನ ಇದೆ.’
‘ಸೋತವರು ಕಾಫಿ.’
ದೀಪ ನಿಂತಿತು. ಯಾರದೋ ಬಾಟಲಿಯ ನೀರು
ಇನ್ನೂ ನಂಬದೆ ತುಳುಕುತ್ತಿತ್ತು.
ಫೋನುಗಳು ಹೇಳಿದವು: ಐದು ಮೂರು.
ಕಾಫಿ ಯಾರದೆಂದು ಜಗಳ.

ಮೊಣಕಾಲಲ್ಲೇ ಭೂಮಿಯನ್ನು
ದಶಾಂಶದವರೆಗೆ ಅಳೆಯಬಲ್ಲವರು
ಮತ್ತೆ ಹಾಳೆಗೆ ಬಗ್ಗಿದರು.
ಹದಿನೇಳು: ‘ಅನಿರೀಕ್ಷಿತ ಘಟನೆಗಳು ನನ್ನನ್ನು ಅಲುಗಿಸುವುದಿಲ್ಲ.’
ಒಬ್ಬಳು ಕಿಸಕ್ಕನೆ ನಕ್ಕಳು.
ಸಾಲಿಂದ ಸಾಲಿಗೆ ಹಬ್ಬಿತು ಅದು.
ದೊಡ್ಡದು ಬಂದ ಆ ರಾತ್ರಿ
ಇವರೆಲ್ಲ ಮೂರು ನಾಲ್ಕು ವರ್ಷದವರು,
ಯಾರದೋ ತೋಳಲ್ಲಿ ಗುಡ್ಡ ಹತ್ತಿದವರು.
ಅದನ್ನು ಕೇಳುವ ಹೇಳಿಕೆ ನನ್ನ ಬಳಿ ಇರಲಿಲ್ಲ.

ರಾತ್ರಿ ಅಂಕಿ ತುಂಬಲು ಕೂತೆ.
ನಯರೆತ್‌ಳ ಒಂಬತ್ತರಲ್ಲಿ ಐದೂ ವೃತ್ತ ಖಾಲಿ.
ಐದರಾಚೆ ತಾನೇ ಒಂದು ವೃತ್ತ ಬರೆದಿದ್ದಾಳೆ,
ಒಳಗೆ ಒಂದು ಹೆಸರು: ಇರ್ಮಾ.
ಅಮ್ಮನೋ, ಹಾಸ್ಟೆಲಿನ ಅಡುಗೆಯವಳೋ, ಸತ್ತವಳೋ.
ಕಂಪ್ಯೂಟರು ಹೆಸರನ್ನು ನುಂಗಲಿಲ್ಲ.
ಉತ್ತರವಿಲ್ಲದ್ದಕ್ಕೆ ಸಂಕೇತ ತೊಂಬತ್ತೊಂಬತ್ತು.
ಇರ್ಮಾಳನ್ನು ತೊಂಬತ್ತೊಂಬತ್ತು ಮಾಡಿದೆ.
ಅಳೆಯುವುದಕ್ಕೂ ಅಳುವುದಕ್ಕೂ ನಡುವೆ
ಎಷ್ಟು ಅಕ್ಷರ, ಆ ಹೊತ್ತಿನಲ್ಲಿ ಎಣಿಸಲಿಲ್ಲ.

ಆಲ್ಫಾ ಸೊನ್ನೆ ಬಿಂದು ಒಂಬತ್ತು ಒಂದು.
ಹೇಳಿಕೆಗಳು ತಮ್ಮತಮ್ಮೊಳಗೆ ಚೆನ್ನಾಗಿ ಒಪ್ಪುತ್ತವೆ ಎಂದರ್ಥ.
‘ಉತ್ತಮ’ ಅಂದರು ಗೈಡು, ‘ಕಂಪನಕ್ಕೊಂದು ಅಡಿಟಿಪ್ಪಣಿ ಹಾಕು.’

ಹಾಳೆಗಳನ್ನು ಕಟ್ಟುವ ಮೊದಲು ಕಂಡದ್ದು:
ಹದಿನೇಳರ ಆಸುಪಾಸು, ಮೊದಲ ಅಲುಗಿಗೆ,
ಪೆನ್ನು ವೃತ್ತದಿಂದ ಜಾರಿ ಒಂದು ಸಣ್ಣ ಬಾಲ.
ಇಪ್ಪತ್ತಾರು ಹಾಳೆಗಳಲ್ಲಿ. ಕೆಲವು ಕೂದಲಿನಷ್ಟು,
ಒಂದು ಹಾಳೆಯ ಅಂಚಿನವರೆಗೂ.
ಕೋಷ್ಟಕದಲ್ಲಿ ಬಾಲಕ್ಕೆ ಕಾಲಂ ಇಲ್ಲ.

ಬಾಲ್ತಸಾರನ ಹಾಳೆಯಲ್ಲಿ ಅದೂ ಇಲ್ಲ.
ಅವನು ಆಗಲೇ ಮುಗಿಸಿದ್ದ.
ಎರಡೂ ಕೈ ಕುರ್ಚಿಯಡಿಗೆ ತೂರಿಸಿ
ಗೆಣ್ಣು ಬೆಳ್ಳಗಾಗುವಷ್ಟು ಹಿಡಿದು ಕೂತಿದ್ದ.
ನಾನು ನೋಡಿದ್ದೆ.