ಹೋಗಿ ಬರ್ತೀನಿ

ಮಲ್ಲೇಶ್ವರದ ನೆಲಮಾಳಿಗೆಯಲ್ಲಿ ನನ್ನದೊಂದು ಗಡಿಯಾರ,
ಹೊಸಕೋಟೆಯಾಚೆ ನಫೀಸಾಳದೊಂದು.
ಮುಳ್ಳಿಲ್ಲ, ಟಿಕ್ ಇಲ್ಲ;
ಲೇಸರಿನ ಜೋಲಿಯಲ್ಲಿ ತೂಗುವ ಒಂದಿಷ್ಟು ಸ್ಟ್ರಾಂಷಿಯಂ, ಅಷ್ಟೆ.
ಎರಡೂ ಒಂದೇ ಸಮ ಮಿಡಿಯುತ್ತವೆಯೇ ಎಂದು ಕೇಳಲು
ನಡುವೆ, ಸುತ್ತಿ ಬಳಸಿ, ನಲವತ್ತೇಳು ಕಿಲೋಮೀಟರ್
ಗಾಜಿನ ಎಳೆ.

ಬೆಳಕು ಕಳಿಸುವಾಗ ನಾವು ಹೋಗು ಅನ್ನುವುದಿಲ್ಲ,
ಹೋಗಿ ಬಾ ಅನ್ನುತ್ತೇವೆ.
ಬಂದರೆ ತಾನೆ
ದಾರಿ ಅದಕ್ಕೆ ಏನು ಮಾಡಿತೆಂದು ತಿಳಿಯುವುದು?
ಬಂದ ನಡುಕದಲ್ಲಿ ಅರ್ಧ ಹೋಗುವಾಗಿನದು, ಅರ್ಧ ಬರುವಾಗಿನದು;
ಆ ಅರ್ಧವನ್ನು ತಿರುವಿ, ಮೊದಲೇ ಗಂಟು ಕಟ್ಟಿ ಕಳಿಸಿದರೆ
ಬೆಳಕು ಆ ತುದಿಯನ್ನು
ಇಸ್ತ್ರಿ ಮುರಿಯದೆ ಮುಟ್ಟುತ್ತದೆ.

ನಡುಕವೆಂದರೆ ಬೇರೇನಲ್ಲ, ಊರು.
ರಾತ್ರಿ ಲಾರಿಗಳನ್ನು ಒಳಬಿಟ್ಟರೆ
ಪರದೆಯ ಮೇಲಿನ ಗೀರು ದಪ್ಪವಾಗುತ್ತದೆ.
ಟಿನ್ ಫ್ಯಾಕ್ಟರಿ ಹತ್ತಿರ ಯಾರೋ ಬ್ರೇಕ್ ಒತ್ತುತ್ತಾರೆ.
ಐದಕ್ಕೆ ಮೊದಲ ಮೆಟ್ರೋ.
ಏಪ್ರಿಲ್ ಮಧ್ಯಾಹ್ನ ರಸ್ತೆ ಕಾದು
ಎಳೆ ಒಂದು ಮೊಳ ಬೆಳೆದು
ಸಂಜೆ, ಯಾರೂ ಹೇಳದೆ, ಕುಗ್ಗುತ್ತದೆ.

ಕಳೆದ ಗುರುವಾರ ಗೀರೇ ಇರಲಿಲ್ಲ.
ಹೆಣ್ಣೂರು ಕ್ರಾಸಿನಲ್ಲಿ ನೀರಿನ ಪೈಪಿಗೆ ಅಗೆದ ಜೆಸಿಬಿ
ನಾಲ್ಕು ಕೇಬಲ್ ಕಿತ್ತಿತ್ತು.
ಗುಂಡಿಯಲ್ಲಿ ಕೂತು, ಹಣೆಗೆ ಟಾರ್ಚ್ ಕಟ್ಟಿಕೊಂಡು
ಆರೋಗ್ಯಸ್ವಾಮಿ ಒಂದೊಂದೇ ಎಳೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ
ಕಿಡಿಯಲ್ಲಿ ಬೆಸೆಯುತ್ತಿದ್ದ.
"ಇದ್ರಲ್ಲಿ ಯಾರ ನೆಟ್ಟು, ಮೇಡಂ?"
ಯಾರದ್ದೂ ಅಲ್ಲ. ಒಂದು ಬಣ್ಣ ಹೋಗಿ ಬರುತ್ತೆ.
"ಯಾವ ಬಣ್ಣ?"
ಕಣ್ಣಿಗೆ ಕಾಣದ್ದು.
ಅವನು ನಗಲಿಲ್ಲ. ಬೆಸುಗೆಗೆ ತೋಳು ತೊಡಿಸಿ
ಬಿಸಿ ಆರಲೆಂದು ಊದಿ,
"ನೋಡ್ಕೊಳ್ಳಿ, ಬಂತಾ?" ಅಂದ.

ಬಂತು.
ದಾಖಲೆಗೆಂದು ಟೈಮ್ ಕೇಳಿದೆ.
ಕೆಸರು ಮೆತ್ತಿದ ಮಣಿಕಟ್ಟು ತಿರುಗಿಸಿ, ಮೂರೂ ಹತ್ತು,
"ಹತ್ತು ನಿಮಿಷ ಕಳೀರಿ. ಬೇಕಂತ್ಲೇ ಮುಂದಿಟ್ಟಿದೀನಿ,
ಇಲ್ಲಾಂದ್ರೆ ಮಗಳಿಗೆ ಸ್ಕೂಲ್ ವ್ಯಾನ್ ತಪ್ಪುತ್ತೆ."
ಕಳೆದೆ.

ಈಗ ಊರನ್ನೂ ಕಳೆದು ನೋಡಿದರೆ
ಚುಕ್ಕಿಯಾಚೆ ಹದಿನಾಲ್ಕು ಸೊನ್ನೆ,
ಹದಿನೈದನೆಯ ಮನೆಯಲ್ಲಿ ಒಂದು ನಾಲ್ಕು
ಅಲುಗದೆ ಕೂತಿದೆ.
ತಪ್ಪಲ್ಲ ಅದು. ನಫೀಸಾಳ ನೆಲ ನನ್ನದಕ್ಕಿಂತ
ನಲವತ್ತು ಮೀಟರ್ ತಗ್ಗು;
ತಗ್ಗಿನಲ್ಲಿ ಕಾಲ ತುಸು ನಿಧಾನ.

"ಹಾಗಾದ್ರೆ ನಾನು ನಿನಗಿಂತ ಚಿಕ್ಕವಳಾಗ್ತಿದೀನಿ," ಫೋನಿನಲ್ಲಿ ಅವಳು.
ನೂರು ವರ್ಷಕ್ಕೆ, ಸೆಕೆಂಡಿನ ಲಕ್ಷದಲ್ಲೊಂದು ಪಾಲು.
"ಅಷ್ಟಾದ್ರೂ ಇರ್ಲಿ ಬಿಡು."
ಇಬ್ಬರೂ ನಗುವಾಗ
ಪರದೆಯ ಗೀರು ದಪ್ಪವಾಯಿತು.
ಐದು ಗಂಟೆ.